ಉತ್ತವನೊಬ್ಬ, ಪಹಣಿ ಇನ್ನೊಬ್ಬನ ಹೆಸರಿಗೆ

ಹತ್ತು ಗೆಲುವು, ಹತ್ತು ಸೋಲು. ಬೇಸ್‌ಬಾಲ್‌ನಲ್ಲಿ ತಂಡದ ಗೆಲುವು, ಸೋಲನ್ನು ಪಿಚರ್ ಒಬ್ಬನ, ಅಂದರೆ ಚೆಂಡೆಸೆಯುವವನ, ಹೆಸರಿಗೆ ಬರೆಯುತ್ತಾರೆ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಪಾಲ್ ಸ್ಕೀನ್ಸ್‌ಗೆ 2025ರ ಸೈ ಯಂಗ್ ಪ್ರಶಸ್ತಿ ಬಂದಾಗಿನಿಂದ ಬೇಸ್‌ಬಾಲ್ ಭಕ್ತರ ಒಂದು ಪಂಗಡಕ್ಕೆ ಈ ಲೆಕ್ಕ ಗಂಟಲಿಗೆ ಸಿಕ್ಕ ಮೀನಿನ ಮುಳ್ಳಾಗಿದೆ. ಅರ್ಧಕ್ಕರ್ಧ ಸೋತವನಿಗೆ ವರ್ಷದ ಶ್ರೇಷ್ಠ ಪಿಚರ್ ಅಂತ ಹಾರ ಹಾಕೋದಾ? 511 ಪಂದ್ಯ ಗೆದ್ದ ಮಹಾನುಭಾವನ ಹೆಸರಿನ ಪ್ರಶಸ್ತಿಗೆ ಇದೆಂಥ ಗತಿ ಬಂತು? ಪಾಪ, ಇವರು ಪಕ್ಕದ ಕಾಲಂ ನೋಡಿಲ್ಲ. 511 ಗೆದ್ದ ಸೈ ಯಂಗ್ 315 ಸೋತಿದ್ದಾನೆ. ಅಷ್ಟು ಗೆದ್ದವರೂ ಇನ್ನೊಬ್ಬರಿಲ್ಲ, ಅಷ್ಟು ಸೋತವರೂ ಇನ್ನೊಬ್ಬರಿಲ್ಲ. ಸೋಲಿನ ವಿಷಯದಲ್ಲಿ ಆ ಆತ್ಮ ಯಾರ ಮೇಲೂ ಮುನಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ.

ಸ್ಕೀನ್ಸ್ ಒಂಬತ್ತು ಇನಿಂಗ್ಸಿಗೆ ಕೊಟ್ಟದ್ದು, ಫೀಲ್ಡರ್‌ಗಳ ತಪ್ಪಿನಿಂದ ಬಂದದ್ದನ್ನು ಬಿಟ್ಟು, ಸರಾಸರಿ 1.97 ರನ್. ಈ ಲೆಕ್ಕದ ಹೆಸರು ಇಆರ್‌ಎ. ಸ್ಟ್ರೈಕೌಟ್ ಮಾಡಿದ್ದು, ಅಂದರೆ ಫೀಲ್ಡರ್‌ಗಳ ನೆರವಿಲ್ಲದೆ ತಾನೇ ಔಟ್ ಮಾಡಿ ಕಳಿಸಿದ್ದು, 216 ಸಲ. ಮತ ಹಾಕುವ 30 ಪತ್ರಕರ್ತರೂ ಮೊದಲ ಸಾಲಿನಲ್ಲಿ ಅವನ ಹೆಸರನ್ನೇ ಬರೆದರು. ಇಂಥವನ ಹೆಸರಿಗೆ ಹತ್ತು ಸೋಲು ಬಿದ್ದದ್ದು ಹೇಗೆಂದರೆ, ಅವನ ತಂಡದವರು ಬ್ಯಾಟ್ ಹಿಡಿದು ನಿಂತದ್ದು ಮದುವೆ ಮನೆಯಲ್ಲಿ ಫೋಟೊಕ್ಕೆ ನಿಂತ ಹಾಗೆ. ತಾನೇ ಹೋಗಿ ನಾಲ್ಕು ಬಾರಿಸಿ ಬರೋಣವೆಂದರೆ ಅದಕ್ಕೂ ದಾರಿಯಿಲ್ಲ. 2022ರಿಂದ ನ್ಯಾಷನಲ್, ಅಮೆರಿಕನ್ ಎರಡೂ ಲೀಗ್‌ಗಳಲ್ಲಿ ಪಿಚರ್ ಬದಲಿಗೆ ಬ್ಯಾಟ್ ಮಾಡಲು ಬೇರೊಬ್ಬ ಇರುತ್ತಾನೆ. ಎಸೆತ, ಬ್ಯಾಟಿಂಗ್ ಎರಡೂ ಮಾಡುವ ಒಹ್ಟಾನಿಯಂಥ ಅವತಾರಪುರುಷನನ್ನು ಬಿಟ್ಟರೆ ಪಿಚರ್‌ಗಳು ಬ್ಯಾಟ್ ಮುಟ್ಟುವುದೇ ಇಲ್ಲ ಅನ್ನಬಹುದು. ರನ್ ಹೊಡೆಯುವ ಕೆಲಸದಿಂದ ಕೆಳಗಿಳಿಸಿ, ರನ್ ಬರಲಿಲ್ಲವೆಂದು ಅವನ ಹೆಸರಿಗೇ ಸೋಲು ಬರೆಯುತ್ತಾರೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಸುಲಭಕ್ಕೆ ತಲೆಗೆ ಹೋಗುವುದಿಲ್ಲ. ನಮ್ಮ ಬಿ.ಎಸ್. ಚಂದ್ರಶೇಖರ್ ಟೆಸ್ಟ್‌ನಲ್ಲಿ ಹೊಡೆದ ರನ್ 167, ಕಿತ್ತ ವಿಕೆಟ್ 242 ಅಂತ ಬೆಂಗಳೂರಿನ ಹಳಬರು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಆದರೆ ‘ಚಂದ್ರ ಎಷ್ಟು ಟೆಸ್ಟ್ ಸೋತ?’ ಅಂತ ಕೇಳಿ ನೋಡಿ. ಕೇಳಿದವನಿಗೆ ಬಿಸಿಲು ತಾಗಿದೆ ಅಂತ ಮಜ್ಜಿಗೆ ತರಿಸುತ್ತಾರೆ. ಹನ್ನೊಂದು ಜನ ಸೋತದ್ದನ್ನು ಒಬ್ಬನ ಖಾತೆಗೆ ಏರಿಸುವ ಬುದ್ಧಿ ನಮಗೆ ಇನ್ನೂ ಹೊಳೆದಿಲ್ಲ.

ಕಾಯಿದೆ ಹೀಗಿದೆ. ಪಂದ್ಯ ಶುರು ಮಾಡಿದ ಪಿಚರ್‌ಗೆ ಗೆಲುವು ಸಿಗಬೇಕಾದರೆ ಕನಿಷ್ಠ ಐದು ಇನಿಂಗ್ಸ್, ಅಂದರೆ 15 ಔಟ್, ಮುಗಿಸಿರಬೇಕು. ಅವನು ಇಳಿಯುವಾಗ ತಂಡ ಮುಂದಿರಬೇಕು. ಆ ಮುನ್ನಡೆ ಕೊನೆಯತನಕ ಒಂದು ಸಲವೂ ಕೈಬಿಟ್ಟು ಹೋಗಬಾರದು. ತಂಡ 10–0 ಮುಂದಿದ್ದು, 14 ಔಟ್ ಮಾಡಿ, ಮೊಣಕೈ ಚುಳ್ ಅಂದಿತೆಂದು ಆಚೆ ಬಂದನೋ, ಕೆಟ್ಟ. ಅವನು ಉತ್ತು ಬಿತ್ತಿದ ಹೊಲ ಹಿಂದಿನಿಂದ ಬಂದವರಲ್ಲಿ ಒಬ್ಬನ ಹೆಸರಿಗೆ. ಯಾರ ಹೆಸರಿಗೆ ಎಂದು ತೀರ್ಮಾನಿಸುವವನು ಪ್ರೆಸ್ ಬಾಕ್ಸಿನಲ್ಲಿ ಕೂತ ಅಧಿಕೃತ ಸ್ಕೋರರ್. ನಮ್ಮ ಕಡೆಯ ಮಾತಿನಲ್ಲಿ, ಶಾನುಭೋಗರು.

ಇನ್ನೊಂದು ಬಗೆ ಇನ್ನೂ ಸೊಗಸು. ಮೊದಲಿನವನು ಎಂಟು ಇನಿಂಗ್ಸ್ ಬೆವರು ಸುರಿಸಿ 2–1 ಮುನ್ನಡೆ ಒಪ್ಪಿಸಿ ಹೋಗುತ್ತಾನೆ. ಒಂಬತ್ತನೆಯದಕ್ಕೆ ಬಂದವನು ಒಂದು ರನ್ ಕೊಟ್ಟು 2–2 ಮಾಡುತ್ತಾನೆ. ಅದರ ಬೆನ್ನಿಗೇ ಅವನ ತಂಡ ಒಂದು ರನ್ ಹೊಡೆದು ಗೆಲ್ಲುತ್ತದೆ. ಗೆಲುವು ಯಾರ ಹೆಸರಿಗೆ? ಕೆಡಿಸಿದವನ ಹೆಸರಿಗೆ. ಹಾಲು ಉಕ್ಕಿಸಿ ಒಲೆ ಆರಿಸಿದವನಿಗೇ ಪಾಯಸದ ಮೊದಲ ಬಟ್ಟಲು. ಅಮೆರಿಕದವರು ಇದಕ್ಕೆ ರಣಹದ್ದಿನ ಗೆಲುವು ಅಂತ ಹೆಸರಿಟ್ಟಿದ್ದಾರೆ. ಹೆಸರಿಟ್ಟ ಮೇಲೆ ತಿದ್ದುವ ಅಗತ್ಯವಿಲ್ಲ ಎನ್ನುವುದು ಅವರ ನಂಬಿಕೆ ಇರಬೇಕು.

ಶಾನುಭೋಗರ ಅಧಿಕಾರ ಇಷ್ಟಕ್ಕೇ ಮುಗಿಯುವುದಿಲ್ಲ. ನೆಲ ಕಚ್ಚಿ ಬಂದ ಚೆಂಡು ಶಾರ್ಟ್‌ಸ್ಟಾಪ್ ಎಂಬ ಫೀಲ್ಡರ್‌ನ ಕಾಲಸಂದಿಯಲ್ಲಿ ನುಸುಳಿತು ಅನ್ನಿ. ‘ಸಾಧಾರಣ ಪ್ರಯತ್ನ’ದಲ್ಲಿ ಹಿಡಿಯಬಹುದಿತ್ತು ಅಂತ ಅವರಿಗೆ ಅನಿಸಿದರೆ ಅದು ಎರರ್, ಅದರಿಂದ ಬಂದ ರನ್ ಪಿಚರ್ ತಲೆಗೆ ಕಟ್ಟುವುದಿಲ್ಲ. ಅನಿಸದಿದ್ದರೆ ಹಿಟ್, ಅಂದರೆ ಬ್ಯಾಟ್ ಮಾಡಿದವನು ಸ್ವಂತ ಹೊಡೆತದಿಂದಲೇ ಬೇಸ್ ಸೇರಿದ ಲೆಕ್ಕ; ರನ್ ಪಿಚರ್ ಖಾತೆಗೆ ಖರ್ಚು. ಅದೇ ಚೆಂಡು, ಅದೇ ಕಾಲಸಂದಿ. ಮಲಗಿ ಎದ್ದು ಮನಸ್ಸು ಬದಲಾದರೆ 24 ಗಂಟೆಯೊಳಗೆ ಕಿರ್ದಿ ತಿದ್ದಬಹುದು. ಆಟಗಾರನಿಗೆ ಒಪ್ಪಿಗೆಯಾಗದಿದ್ದರೆ 72 ಗಂಟೆಯೊಳಗೆ ಲೀಗ್ ಕಚೇರಿಗೆ ತಕರಾರು ಅರ್ಜಿ. ಸದ್ಯ, ಸ್ಟಾಂಪ್ ಪೇಪರ್ ಕೇಳುವುದಿಲ್ಲ.

1884ರಲ್ಲಿ ಪ್ರಾವಿಡೆನ್ಸ್ ಗ್ರೇಸ್ ತಂಡದ ಚಾರ್ಲ್ಸ್ ರ‍್ಯಾಡ್‌ಬರ್ನ್, ‘ಓಲ್ಡ್ ಹಾಸ್’ ಎಂಬ ಅಡ್ಡಹೆಸರಿನವನು, 73 ಪಂದ್ಯ ಶುರು ಮಾಡಿ 73ನ್ನೂ ತಾನೇ ಮುಗಿಸಿದ. 678 ಇನಿಂಗ್ಸ್, ಮೇಲೆ ಚಿಲ್ಲರೆ. ಬೆಳಿಗ್ಗೆ ಎದ್ದರೆ ತಲೆ ಬಾಚಲು ಕೈ ಮೇಲೇಳುತ್ತಿರಲಿಲ್ಲವಂತೆ. ಇಂಥ ಮನುಷ್ಯನ ಬಗ್ಗೆ ದಾಖಲೆಪ್ರಿಯರು ಇಂದಿಗೂ ಬಿಡದೆ ಕೇಳುವ ಪ್ರಶ್ನೆ ಒಂದೇ: ಗೆದ್ದದ್ದು 59 ಪಂದ್ಯವೋ, 60 ಪಂದ್ಯವೋ? ಆ ಜುಲೈನ ಒಂದು ಪಂದ್ಯದಲ್ಲಿ ಮಿಲ್ಲರ್ ಎಂಬುವನು ಐದು ಇನಿಂಗ್ಸ್ ಎಸೆದು, ಮುನ್ನಡೆಯಲ್ಲಿ ಬಿಟ್ಟುಕೊಟ್ಟು ಹೋದ. ಉಳಿದದ್ದನ್ನು ರ‍್ಯಾಡ್‌ಬರ್ನ್ ಮುಗಿಸಿದ. ಇವನೇ ಚೆನ್ನಾಗಿ ಎಸೆದನಪ್ಪ ಅಂತ ಅಂದಿನ ಶಾನುಭೋಗರು ರ‍್ಯಾಡ್‌ಬರ್ನ್ ಹೆಸರಿಗೆ ಬರೆದರು. ಐದು ಇನಿಂಗ್ಸಿನ ಕಾಯಿದೆ ಬಂದದ್ದು ಅವನು ಸತ್ತು ಅರ್ಧ ಶತಮಾನವಾದ ಮೇಲೆ. ಅದನ್ನು ಹಿಂದಕ್ಕೆ ಹಚ್ಚಿದರೆ ಗೆಲುವು ಮಿಲ್ಲರ್‌ಗೆ ಹೋಗಬೇಕು. ಒಂದು ಪುಸ್ತಕದಲ್ಲಿ 59, ಇನ್ನೊಂದರಲ್ಲಿ 60. ಇವನ ನಂತರದ ಸ್ಥಾನ ಮರುವರ್ಷದ ಜಾನ್ ಕ್ಲಾರ್ಕ್‌ಸನ್‌ನದು, 53. ಅಂದರೆ 59 ಆದರೂ ಮೊದಲನೆಯವನೇ, 60 ಆದರೂ ಮೊದಲನೆಯವನೇ. ಆದರೂ ಕ್ವಿಜ್ ಮೇಜಿನ ಮೇಲೆ ಈ ಪ್ರಶ್ನೆ ಬಂತೆಂದರೆ ಎರಡು ಲೋಟ ಒಡೆಯದೆ ಮುಗಿಯುವುದಿಲ್ಲ.

ಗ್ರೋವರ್ ಅಲೆಕ್ಸಾಂಡರ್‌ನದು ಇದಕ್ಕಿಂತ ನೋವಿನ ಕತೆ. 1929ರಲ್ಲಿ ಅವನು 373ನೆಯ ಪಂದ್ಯ ಗೆದ್ದಾಗ, ಕ್ರಿಸ್ಟಿ ಮ್ಯಾಥ್ಯೂಸನ್‌ನ 372ರ ನ್ಯಾಷನಲ್ ಲೀಗ್ ದಾಖಲೆಯನ್ನು ದಾಟಿದನೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅದಾದ ಮೇಲೆ ಅವನು ಒಂದೂ ಗೆಲ್ಲಲಿಲ್ಲ. ದಾಖಲೆ ಕೈಯಲ್ಲಿದೆ, ಸಾಕು ಅಂದುಕೊಂಡೇ ಮನೆಗೆ ಹೋಗಿರಬೇಕು. 1940ರ ದಶಕದಲ್ಲಿ ಯಾರೋ ಹಳೆಯ ಕಡತ ಕೆದಕಿ, ಮ್ಯಾಥ್ಯೂಸನ್‌ಗೆ ಸೇರಬೇಕಾದ ಒಂದು ಗೆಲುವು ಬಿಟ್ಟುಹೋಗಿತ್ತೆಂದು ಪತ್ತೆಹಚ್ಚಿದರು. 373–373, ಸಮ. ಮ್ಯಾಥ್ಯೂಸನ್ 1925ರಲ್ಲೇ ತೀರಿಕೊಂಡಿದ್ದ. ಸತ್ತವನು ಒಂದು ಪಂದ್ಯ ಗೆದ್ದ, ಬದುಕಿದ್ದವನು ದಾಖಲೆ ಕಳೆದುಕೊಂಡ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅಜ್ಜನ ಕಾಲದ ಕ್ರಯಪತ್ರ ಸಿಕ್ಕಿ ದಾಯಾದಿಗಳು ಎದ್ದು ಕೂತ ಹಾಗೆ.

ಗೆಲುವಿನ ಲೆಕ್ಕ ಇಷ್ಟು ಸೊಟ್ಟಗಿದೆ ಅಂತ ಗೊತ್ತಾದ ಮೇಲೆ ಜಾಣರು ಏನು ಮಾಡಬೇಕಿತ್ತು? ಬಿಡಬೇಕಿತ್ತು. ಅವರು ಇನ್ನೊಂದು ಕಲಮು ಸೇರಿಸಿದರು: ಸೇವ್. ಶಿಕಾಗೊದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್ ಹೊಳೆಯಿಸಿದ್ದು, 1969ರಿಂದ ಅಧಿಕೃತ. ಮೂರು ರನ್‌ಗಳೊಳಗಿನ ಮುನ್ನಡೆಯಲ್ಲಿ ಬಂದು ಕೊನೆಯ ಒಂದು ಇನಿಂಗ್ಸ್ ಮುಗಿಸಿದರೆ ಸೇವ್. ಮೂರು ರನ್ ಮುಂದಿರುವಾಗ ಬಂದು ಎರಡು ಕೊಟ್ಟರೂ ಸೇವ್. ಆ ದಿನದ ಅವನ ಇಆರ್‌ಎ 18.00 ಆದರೂ ಪರವಾಗಿಲ್ಲ. ಎಂಟನೆಯ ಇನಿಂಗ್ಸಿನಲ್ಲಿ ಮೂರೂ ಬೇಸ್ ತುಂಬಿರುವಾಗ ಬಂದು, ರನ್ ಕೊಡದೆ ಮೂರು ಔಟ್ ಮಾಡಿ, ಉಸಿರು ಬಿಗಿಹಿಡಿದಿದ್ದ ಊರನ್ನೇ ಬದುಕಿಸಿ, ಒಂಬತ್ತನೆಯದನ್ನು ಇನ್ನೊಬ್ಬನಿಗೆ ಒಪ್ಪಿಸಿದವನಿಗೆ ಸೇವ್ ಇಲ್ಲ.

ಕೊನೆಯ ಮೂರು ಇನಿಂಗ್ಸ್ ಪೂರ್ತಿ ಎಸೆದರೂ ಸೇವ್ ಉಂಟು, ಮುನ್ನಡೆ ಎಷ್ಟಾದರೂ ಇರಲಿ. ಈ ಉಪಕಲಮಿನ ಸಾರ್ಥಕತೆ ಕಾಣಬೇಕಾದರೆ 2007ರ ಆಗಸ್ಟ್ 22ಕ್ಕೆ ಬಾಲ್ಟಿಮೋರ್‌ಗೆ ಹೋಗಬೇಕು. ಟೆಕ್ಸಸ್ ರೇಂಜರ್ಸ್ 14–3 ಮುಂದಿದ್ದಾಗ ಏಳನೆಯ ಇನಿಂಗ್ಸಿಗೆ ವೆಸ್ ಲಿಟಲ್‌ಟನ್ ಬಂದ. ಎಸೆದ. ಅತ್ತ ಅವನ ತಂಡ ಎಂಟನೆಯದರಲ್ಲಿ ಹತ್ತು, ಒಂಬತ್ತನೆಯದರಲ್ಲಿ ಆರು ಹೊಡೆದು 30–3ಕ್ಕೆ ನಿಲ್ಲಿಸಿತು. ಲಿಟಲ್‌ಟನ್ ಹೆಸರಿಗೆ ಸೇವ್! ಇಪ್ಪತ್ತೇಳು ರನ್ ಅಂತರದ ಪಂದ್ಯವನ್ನು ಯಾವ ಅಪಾಯದಿಂದ ಕಾಪಾಡಿದ ಎಂದು ಕೇಳಬಾರದು. ನೆರೆ ಪರಿಹಾರ ಕೊಡುವಾಗ ಬೆಟ್ಟದ ಮೇಲಿನ ಮನೆಗೂ ಚೆಕ್ ಬಂದಂತೆ. ಕಾಗದಪತ್ರ ಸರಿಯಿದೆಯೋ ಇಲ್ಲವೋ, ಅಷ್ಟೇ.

1987ರಲ್ಲಿ ನೋಲನ್ ರಯನ್ ನ್ಯಾಷನಲ್ ಲೀಗ್‌ನಲ್ಲೇ ಅತಿ ಕಡಿಮೆ ಇಆರ್‌ಎ, 2.76, ಅತಿ ಹೆಚ್ಚು ಸ್ಟ್ರೈಕೌಟ್, 270, ಎರಡೂ ಮಾಡಿದ. ಗೆಲುವು–ಸೋಲು 8–16. ತಂಡ ರನ್ ಹೊಡೆಯಲಿಲ್ಲ, ಅಷ್ಟೇ. ಆ ವರ್ಷದ ಸೈ ಯಂಗ್ ಪ್ರಶಸ್ತಿ ಹೋದದ್ದು 40 ಸೇವ್ ಮಾಡಿದ ಸ್ಟೀವ್ ಬೆಡ್ರೋಷನ್‌ಗೆ, ಅವನ ಇಆರ್‌ಎ 2.83. ಸ್ಕೀನ್ಸ್‌ಗೆ 10–10ರಲ್ಲಿ ಪ್ರಶಸ್ತಿ ಬಂತೆಂದು ಎದೆ ಬಡಿದುಕೊಳ್ಳುವವರು ಆ 8–16ಕ್ಕೆ ಒಂದು ನಿಮಿಷ ಮೌನ ಆಚರಿಸಲಿ.

ನೋ-ಹಿಟರ್ ಇಲಾಖೆಗೆ ಬಂದರೆ ಶಾನುಭೋಗರಿಗಿಂತ ಮೇಲಿನ ಸಾಹೇಬರಿದ್ದಾರೆ. 1991ರ ಸೆಪ್ಟೆಂಬರ್‌ನಲ್ಲಿ ಅಂದಿನ ಕಮಿಷನರ್ ಫೇ ವಿನ್ಸೆಂಟ್ ಅಧ್ಯಕ್ಷತೆಯ ಅಂಕಿಅಂಶ ಶುದ್ಧೀಕರಣ ಸಮಿತಿ ಕೂತು ಒಂದು ವ್ಯಾಖ್ಯೆ ಬರೆಯಿತು: ಒಂಬತ್ತು ಅಥವಾ ಹೆಚ್ಚು ಇನಿಂಗ್ಸ್ ಎಸೆದು, ಪಂದ್ಯ ಮುಗಿಯುವವರೆಗೂ ಒಂದೂ ಹಿಟ್ ಕೊಡದಿದ್ದರೆ ಮಾತ್ರ ನೋ-ಹಿಟರ್. ಒಂದೇ ಏಟಿಗೆ ಪಟ್ಟಿಯಿಂದ 50 ಪಂದ್ಯ ಬಿದ್ದುಹೋದವು. ಮತದಾರರ ಪಟ್ಟಿಯ ಪರಿಷ್ಕರಣೆ ಕಂಡವರಿಗೆ ಇದರ ವಾಸನೆ ಗೊತ್ತಾಗುತ್ತದೆ.

ಆ ಐವತ್ತರಲ್ಲಿ ಹಾರ್ವೆ ಹ್ಯಾಡಿಕ್ಸ್ ಒಬ್ಬ. 1959ರ ಮೇ 26, ಮಿಲ್ವಾಕಿ. ಪೈರೇಟ್ಸ್ ಪರ ಎಸೆದ ಇವನು ಒಂಬತ್ತು ಇನಿಂಗ್ಸ್‌ನಲ್ಲಿ 27 ಜನರನ್ನು ಸಾಲಾಗಿ ಔಟ್ ಮಾಡಿದ. ಎಲ್ಲರಿಗೂ ಪಂದ್ಯ ಮುಗಿಯುವುದು ಅಲ್ಲೇ. ಇವನ ತಂಡ ಮಾತ್ರ ಒಂದೂ ರನ್ ಹೊಡೆದಿರಲಿಲ್ಲ. ಹತ್ತು, ಹನ್ನೊಂದು, ಹನ್ನೆರಡು. 36 ಜನ ಬಂದರು, 36 ಜನ ವಾಪಸ್. ಹದಿಮೂರನೆಯದರಲ್ಲಿ ಮೂರನೇ ಬೇಸಿನ ಡಾನ್ ಹೋಕ್ ಚೆಂಡು ಕೆಟ್ಟದಾಗಿ ಎಸೆದು ಫೆಲಿಕ್ಸ್ ಮಂಟಿಯಾನನ್ನು ಬೇಸ್‌ಗೆ ಹತ್ತಿಸಿದ. ಎಡ್ಡಿ ಮ್ಯಾಥ್ಯೂಸ್ ಬಂಟ್ ಮಾಡಿ, ಅಂದರೆ ಚೆಂಡಿಗೆ ಬ್ಯಾಟ್ ಸುಮ್ಮನೆ ಮುಟ್ಟಿಸಿ, ಅವನನ್ನು ಎರಡನೆಯದಕ್ಕೆ ದಾಟಿಸಿದ. ಹ್ಯಾಂಕ್ ಆರನ್‌ಗೆ ಬೇಕೆಂದೇ ಕೆಟ್ಟ ಚೆಂಡು ಎಸೆದು ವಾಕ್, ಅಂದರೆ ಮೊದಲ ಬೇಸಿಗೆ ಪುಕ್ಕಟೆ ದಾರಿ, ಕೊಟ್ಟರು. ಆಮೇಲೆ ಜೋ ಆಡ್‌ಕಾಕ್ ಬೇಲಿಯಾಚೆ ಬಾರಿಸಿದ. ಅಲ್ಲೂ ಒಂದು ತಮಾಷೆ: ಆಡ್‌ಕಾಕ್ ಓಡುವ ಗಡಿಬಿಡಿಯಲ್ಲಿ ಮುಂದಿದ್ದ ಆರನ್‌ನನ್ನೇ ದಾಟಿಬಿಟ್ಟ. ಹೋಮ್ ರನ್ ಇಳಿದು ಡಬಲ್ ಆಯಿತು, 3–0 ಆಗಬೇಕಿದ್ದದ್ದು ಕೊನೆಗೆ 1–0 ಅಂತ ದಾಖಲಾಯಿತು. ಎದುರು ತಂಡದ ಲ್ಯೂ ಬರ್ಡೆಟ್ 12 ಹಿಟ್ ಕೊಟ್ಟಿದ್ದ, ಗೆಲುವು ಅವನಿಗೆ. ಹನ್ನೆರಡು ಇನಿಂಗ್ಸ್ ಯಾರನ್ನೂ ಬೇಸ್‌ಗೆ ಬಿಡದವನಿಗೆ ಸೋಲು. 32 ವರ್ಷದ ಮೇಲೆ ಸಮಿತಿ ಬಂದು, ಹದಿಮೂರನೆಯದರಲ್ಲಿ ಹಿಟ್ ಬಿದ್ದಿದೆ ಎಂದು ಇದ್ದ ಹೆಸರನ್ನೂ ಹೊಡೆದುಹಾಕಿತು. ಪರವಾಗಿಲ್ಲ, ನಾನೇನು ಮಾಡಿದೆ ಅಂತ ನನಗೆ ಗೊತ್ತು ಅಂದನಂತೆ ಹ್ಯಾಡಿಕ್ಸ್. ಅವನಿಗೆ ಇದ್ದ ವಿವೇಕದಲ್ಲಿ ಕಾಲು ಭಾಗ ಸಮಿತಿಗೆ ಇದ್ದಿದ್ದರೆ!

ಆಂಡಿ ಹಾಕಿನ್ಸ್‌ನ ಹೆಸರು ಹೋದದ್ದಕ್ಕೆ ಕೊಟ್ಟ ಕಾರಣವಂತೂ ನ್ಯಾಯಶಾಸ್ತ್ರದ ಪಠ್ಯಕ್ಕೆ ಸೇರಬೇಕು. 1990ರ ಜುಲೈ 1, ಶಿಕಾಗೊ. ಯಾಂಕೀಸ್‌ನ ಹಾಕಿನ್ಸ್ ಎಂಟು ಇನಿಂಗ್ಸ್ ಎಸೆದು ಒಂದೂ ಹಿಟ್ ಕೊಡಲಿಲ್ಲ. ಎಂಟನೆಯದರಲ್ಲಿ ಎರಡು ಔಟ್ ಆದಮೇಲೆ ಫೀಲ್ಡರ್‌ಗಳು ಒಬ್ಬರಾದ ಮೇಲೊಬ್ಬರು ಚೆಂಡು ಚೆಲ್ಲಿದರು, ನಡುವೆ ವಾಕ್‌ಗಳು, ನಾಲ್ಕು ರನ್ ಹೋಯಿತು. 0–4 ಸೋಲು. ತವರು ತಂಡ ಮುಂದಿದ್ದರೆ ಒಂಬತ್ತನೆಯದರಲ್ಲಿ ಬ್ಯಾಟ್ ಮಾಡುವುದಿಲ್ಲ. ಹಾಗಾಗಿ ಹಾಕಿನ್ಸ್ ಎಸೆದದ್ದು ಎಂಟೇ. ಹಾಗಾಗಿ ನೋ-ಹಿಟರ್ ಅಲ್ಲ. ಅವನು ಒಂಬತ್ತನೆಯ ಇನಿಂಗ್ಸ್ ಎಸೆಯದಿದ್ದದ್ದು ಎಸೆಯಲು ಎದುರಿಗೆ ಯಾರೂ ಬರಲಿಲ್ಲ ಎಂಬ ಕಾರಣಕ್ಕೆ, ಸ್ವಾಮಿ! 2022ರ ಮೇನಲ್ಲಿ ಸಿನ್ಸಿನಾಟಿ ರೆಡ್ಸ್‌ಗೂ ಇದೇ ಆಯಿತು; ಎಂಟು ಇನಿಂಗ್ಸ್, ಹಿಟ್ ಸೊನ್ನೆ, ಪೈರೇಟ್ಸ್ ವಿರುದ್ಧ 0–1 ಸೋಲು, ಪಟ್ಟಿಯಲ್ಲಿ ಜಾಗವಿಲ್ಲ.

ಕೋವಿಡ್ ಕಾಲದಲ್ಲಿ ಒಂದೇ ದಿನ ಎರಡು ಪಂದ್ಯವಿದ್ದರೆ ತಲಾ ಏಳು ಇನಿಂಗ್ಸ್ ಎಂಬ ನಿಯಮವನ್ನು ಲೀಗೇ ಮಾಡಿತು. 2021ರ ಏಪ್ರಿಲ್ 25ರಂದು ಅಟ್ಲಾಂಟಾದಲ್ಲಿ ಮ್ಯಾಡಿಸನ್ ಬಮ್‌ಗಾರ್ನರ್ ಏಳಕ್ಕೆ ಏಳೂ ಎಸೆದು ಒಂದೂ ಹಿಟ್ ಕೊಡಲಿಲ್ಲ. ಪುಸ್ತಕದಲ್ಲಿ ಅದು ಪೂರ್ಣ ಪಂದ್ಯ, ಹೌದು. ಶಟೌಟ್, ಅಂದರೆ ಎದುರಾಳಿಗೆ ರನ್ ಸೊನ್ನೆ, ಅದೂ ಹೌದು. ನೋ-ಹಿಟರ್? ಏಳೇ ಇನಿಂಗ್ಸ್ ಅಲ್ಲವೇ, ಆಗುವುದಿಲ್ಲ. ಮದುವೆ ಆಗಿದೆ, ಹೆಂಡತಿ ಇದ್ದಾಳೆ, ಆದರೆ ಗಂಡ ಅಂತ ಬರೆಯಲು ಬರುವುದಿಲ್ಲ.

ಇಂಥ ಪಂದ್ಯ ನಡೆಯುತ್ತಿರುವಾಗ ಡಗೌಟ್‌ನಲ್ಲಿ ಯಾರೂ ಪಿಚರ್ ಜೊತೆ ಮಾತಾಡುವಂತಿಲ್ಲ. ಪಕ್ಕದಲ್ಲಿ ಕೂರುವುದೂ ಇಲ್ಲ, ನೋ-ಹಿಟರ್ ಎಂಬ ಶಬ್ದ ಎತ್ತಿದರೆ ದೃಷ್ಟಿಯಾಗುತ್ತದೆ. 1999ರ ಫೆಬ್ರುವರಿ 7ರಂದು ಕೋಟ್ಲಾದಲ್ಲಿ ಕುಂಬ್ಳೆ ಒಂಬತ್ತು ವಿಕೆಟ್ ಕಿತ್ತಾಗ ನಮ್ಮ ಜಾವಗಲ್ ಶ್ರೀನಾಥ್ ಬಾಯಿ ಮುಚ್ಚಿಕೊಂಡಿದ್ದಷ್ಟೇ ಅಲ್ಲ, ಆಚೆ ತುದಿಯಿಂದ ಬ್ಯಾಟಿಗೆ ಎಟುಕದ ಹಾಗೆ ಆಫ್ ಸ್ಟಂಪಿನ ಹೊರಗೆ ಎಸೆಯುತ್ತ ಹೋದರು. 74ಕ್ಕೆ 10 ಬಂತು. ಬೇಸ್‌ಬಾಲ್‌ನಲ್ಲಿ ಸಹಾಯ ಬೇರೆ ರೀತಿ. 2022ರ ಏಪ್ರಿಲ್ 13ರಂದು ಕ್ಲೇಟನ್ ಕರ್ಷಾ ಏಳು ಇನಿಂಗ್ಸ್‌ನಲ್ಲಿ ಬಂದ 21 ಜನರನ್ನೂ ಔಟ್ ಮಾಡಿದ್ದ, ಎಸೆದದ್ದು 80 ಚೆಂಡು. ಮ್ಯಾನೇಜರ್ ಅವನನ್ನು ತೆಗೆದ. ಅಭಿಮಾನಿಗಳು ಬೊಬ್ಬೆ ಹೊಡೆದರು. ಹಿಂದಿನ ವರ್ಷವಷ್ಟೇ ಮೊಣಕೈ ಕೆಟ್ಟಿತ್ತು, ಲಾಕೌಟ್‌ನಿಂದ ಅಭ್ಯಾಸವೂ ಅರೆಬರೆ, ಕರ್ಷಾ ತಾನೇ ಒಪ್ಪಿದ್ದ. ಕೈ ಅವನದು. ಬೊಬ್ಬೆ ಹೊಡೆದವರದಲ್ಲ.

ದೊಡ್ಡ ದಾಖಲೆ ಸಿಗದಿದ್ದರೆ ಟಿವಿಯವರು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ವಿಧಾನ ಸುಲಭ. ಇವತ್ತಿನ ಪಿಚರ್ 8 ಸ್ಟ್ರೈಕೌಟ್ ಮಾಡಿದ್ದರೆ ‘ಕನಿಷ್ಠ 8’ ಅನ್ನಿ. ವಾಕ್ ಕೊಡದಿದ್ದರೆ ಅದನ್ನೂ ಸೇರಿಸಿ. ಇನ್ನೂ ಇಪ್ಪತ್ತು ಜನ ಉಳಿದರೆ ಎಡಗೈಯವರನ್ನಷ್ಟೇ ಇಟ್ಟುಕೊಳ್ಳಿ. ನಾಲ್ವರು ಉಳಿದರೆ ವಯಸ್ಸು 25ರೊಳಗೆ. ಆದರೂ ಒಬ್ಬ ಹಳಬ ಹಟ ಹಿಡಿದು ಕೂತಿದ್ದರೆ ಕಾಲಾವಧಿ ಬದಲಾಯಿಸಿ: ಎಸೆಯುವ ದೂರ 60 ಅಡಿ 6 ಇಂಚಾದ 1893ರಿಂದ; ಒಪ್ಪದಿದ್ದರೆ 1901ರಿಂದ, 1920ರಿಂದ; ಬಾಬ್ ಗಿಬ್ಸನ್ 1.12 ಇಆರ್‌ಎ ಮಾಡಿದ್ದಕ್ಕೆ ಹೆದರಿ ಪಿಚರ್ ನಿಲ್ಲುವ ದಿಬ್ಬದ (ಮೌಂಡ್) ಎತ್ತರ 15 ಇಂಚಿನಿಂದ 10ಕ್ಕೆ ಇಳಿಸಿದ 1969ರಿಂದ. ಹಳಬ ಎಲ್ಲೋ ಒಂದು ಕಡೆ ಬಿದ್ದೇ ಬೀಳುತ್ತಾನೆ. ಪರದೆ ಮೇಲೆ ಪಟ್ಟಿ: ‘ಇತಿಹಾಸದಲ್ಲೇ ಮೊದಲು’. ಒಗ್ಗರಣೆಗೆ ‘ಮಂಗಳವಾರ ರಾತ್ರಿ’.

2024ರ ಮೇನಲ್ಲಿ ಕಪ್ಪು ವರ್ಣದ ಆಟಗಾರರು ಆಡುತ್ತಿದ್ದ ನೀಗ್ರೋ ಲೀಗ್‌ಗಳ ಅಂಕಿಗಳನ್ನು ಮುಖ್ಯ ಪುಸ್ತಕಕ್ಕೆ ಸೇರಿಸಿದಾಗ, 1944ರ ಸ್ಯಾಚೆಲ್ ಪೇಜ್‌ನ 1.01 ಇಆರ್‌ಎ ಸಾರ್ವಕಾಲಿಕ ಪಟ್ಟಿಯಲ್ಲಿ ಮೂರನೆಯದಾಯಿತು. ಆಗ ಈ ದಾಖಲೆಪ್ರಿಯರಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ಸಂಖ್ಯಾಶಾಸ್ತ್ರ ನೆನಪಾಯಿತು. ಪಂದ್ಯ ಕಡಿಮೆ ಸ್ವಾಮಿ, ಹೋಲಿಕೆ ಸರಿಯಲ್ಲ. ಪಟ್ಟಿಯ ಮೊದಲ ಸ್ಥಾನದಲ್ಲಿ ಯಾರಿದ್ದಾನೆ? 1880ರ ಟಿಮ್ ಕೀಫ್, 0.86. ಅವನು ಆ ವರ್ಷ ಎಸೆದದ್ದು 12 ಪಂದ್ಯ, 105 ಇನಿಂಗ್ಸ್. ಆಗ ಪಿಚರ್ ನಿಲ್ಲುತ್ತಿದ್ದದ್ದು 45 ಅಡಿ ದೂರದಲ್ಲಿ. ಭುಜದ ಮೇಲಿಂದ ಎಸೆಯುವಂತಿರಲಿಲ್ಲ. ವಾಕ್ ಕೊಡಬೇಕಾದರೆ ಎಂಟು ಕೆಟ್ಟ ಚೆಂಡು ಎಸೆಯಬೇಕಿತ್ತು. ಈ ಹೋಲಿಕೆ ಯಾರಿಗೂ ಚುಚ್ಚಲಿಲ್ಲ. 2020ರಲ್ಲಿ 60 ಪಂದ್ಯದ ಋತುವಿನಲ್ಲಿ 12 ಸಲ ಎಸೆದ ಶೇನ್ ಬೀಬರ್‌ಗೆ ಸೈ ಯಂಗ್ ಕೊಟ್ಟಾಗಲೂ ಚುಚ್ಚಲಿಲ್ಲ. ಪೇಜ್‌ಗೆ ದೊಡ್ಡ ಲೀಗ್‌ನ ಬಾಗಿಲು ತೆರೆದದ್ದು 1948ರಲ್ಲಿ, ಅವನಿಗೆ 42 ವರ್ಷವಾದಾಗ. ಅಲ್ಲಿಯವರೆಗೆ ಚರ್ಮದ ಬಣ್ಣ ನೋಡಿ ಹೊರಗಿಟ್ಟವರೂ ಇವರೇ, ಅವನ ಪಂದ್ಯಗಳ ಸ್ಕೋರ್‌ಕಾರ್ಡ್ ಅಚ್ಚು ಹಾಕದೆ ಬಿಟ್ಟವರೂ ಇವರ ಪತ್ರಿಕೆಗಳೇ. ಈಗ ದಾಖಲೆ ಅಪೂರ್ಣ ಅನ್ನುವವರೂ ಇವರೇ. ಇಲ್ಲಿ ನಗು ಬರುವುದಿಲ್ಲ. ಸುಸ್ತಾಗುತ್ತದೆ.

ಆರ್ಮಾಂಡೊ ಗಲಾರಾಗನ ಫೈಲು ಇನ್ನೂ ಬಾಕಿಯಿದೆ. 2010ರ ಜೂನ್ 2, ಡೆಟ್ರಾಯಿಟ್. 26 ಜನ ಬಂದರು, 26 ಔಟ್. 27ನೆಯವನು ಜೇಸನ್ ಡೊನಾಲ್ಡ್ ಮೊದಲ ಬೇಸಿಗೆ ತಲುಪುವ ಮೊದಲೇ ಚೆಂಡು ಹಿಡಿದು ಗಲಾರಾಗ ಬೇಸ್ ತುಳಿದ. ಅಂಪೈರ್ ಜಿಮ್ ಜಾಯ್ಸ್ ಸೇಫ್, ಅಂದರೆ ನಾಟೌಟ್, ಎಂದು ಕೈ ಚಾಚಿದ. ಗಲಾರಾಗ ಒಂದು ನಗೆ ನಕ್ಕು, ವಾಪಸ್ ಹೋಗಿ, 28ನೆಯವನನ್ನೂ ಔಟ್ ಮಾಡಿದ. ರಾತ್ರಿ ವಿಡಿಯೊ ನೋಡಿದ ಜಾಯ್ಸ್ ತಪ್ಪಾಯಿತೆಂದು ಕಣ್ಣೀರಿಟ್ಟ. ತಪ್ಪು ಮಾಡಿದವನು ಒಪ್ಪಿದ, ಅನ್ಯಾಯವಾದವನು ಕ್ಷಮಿಸಿದ, ಇಡೀ ದೇಶ ಕಣ್ಣಾರೆ ಕಂಡಿತು. ಕಮಿಷನರ್ ಬಡ್ ಸೀಲಿಗ್ ಮಾತ್ರ ತೀರ್ಪು ತಿದ್ದಲಿಲ್ಲ. ಐವತ್ತು ಪಂದ್ಯಗಳನ್ನು ದಶಕಗಳ ಮೇಲೆ ಒಂದೇ ಗೀಟಿನಲ್ಲಿ ಅಳಿಸಿದ ಕಚೇರಿಗೆ, ನಿನ್ನೆ ರಾತ್ರಿಯ ಒಂದು ಹಿಟ್ ಅಳಿಸಲು ಪೆನ್ನು ಸಿಗಲಿಲ್ಲ. ಪುಸ್ತಕದಲ್ಲಿ ಇಂದಿಗೂ ಅದು ಒಂದು ಹಿಟ್‌ನ ಪಂದ್ಯ. ಮರುದಿನ ಜನರಲ್ ಮೋಟಾರ್ಸ್‌ನವರು ಮೈದಾನಕ್ಕೇ ಒಂದು ಕೆಂಪು ಕಾರ್ವೆಟ್ ತಂದು ಅವನಿಗೆ ಕೊಟ್ಟರು. ಆ ಕಾರಿನ ಆರ್‌ಸಿಯಾದರೂ ಗಲಾರಾಗನ ಹೆಸರಿಗೇ ಆಗಿರುತ್ತದೆ ಅಂದುಕೊಳ್ಳೋಣ.